ಹದಿನೇಳನೆಯ ಸ್ಲೈಡು

ಮಾರ್ಚ್ 4, ಸೋಮವಾರ

ಭಾವನ ಲಿವರಿನಲ್ಲಿರುವುದು ಕ್ಯಾನ್ಸರೇ ಎಂದು ಇವತ್ತು ಖಚಿತವಾಯಿತು. ದೊಡ್ಡ ಗಂಟು ಒಂದು, ಸಣ್ಣವು ಎರಡು. ಕತ್ತರಿಸಿ ತೆಗೆಯಲು ಆಗದ ಜಾಗದಲ್ಲಿ. ಡಾಕ್ಟರ ಕೋಣೆಯಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವಳೇ ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರೋ ಆರ್ಡರು ಕೊಟ್ಟಿದ್ದ ಪರದೆಗಳಿಗೆ ಅಂಚು ಹೊಲಿದಳು. ಮುಗಿದ ಮೇಲೆ ನೋಡಿದರೆ ಅಷ್ಟೂ ಉಲ್ಟಾ. ಬಿಚ್ಚುತ್ತಾ ಕೂತಳು.

ಭಾವ ಮಾತ್ರ ದಾರಿಯುದ್ದಕ್ಕೂ ಉಳಿದವರು ಕಾರು ಓಡಿಸುವುದರಲ್ಲಿ ತಪ್ಪು ಹುಡುಕುತ್ತಿದ್ದರು. ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದ ಮನುಷ್ಯ. ಸತ್ತ ಮೇಲೂ ಯಾರಾದರೂ ಸಿಗ್ನಲ್ ಕೊಡದೆ ತಿರುಗಿಸಿದರೆ ಎದ್ದು ಕೂತಾರು. (ಹೀಗೆ ಬರೆಯಬಾರದಿತ್ತು. ಇರಲಿ, ಹೊಡೆದು ಹಾಕುವುದಿಲ್ಲ.)

"ಇನ್ಮೇಲೆ ದಿನಾ ನಿನ್ನ ಆಸ್ಪತ್ರೆಗೇ ಬರ್ತೀನಲ್ಲ ಲೆಕ್ಕದಮ್ಮ, ಚಹಾ ಕೊಡಿಸ್ಬೇಕು" ಅಂದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜೀವಕೋಶ ಎಣಿಸುವ ನಾದಿನಿಗೆ ಅವರು ಇಟ್ಟ ಹೆಸರು ಅದು. ಬೈಗುಳವೋ ಮುದ್ದೋ ಇನ್ನೂ ತೀರ್ಮಾನವಾಗಿಲ್ಲ.

ಮನೆಯಲ್ಲಿ ಒಬ್ಬರಾದರೂ ನೆಟ್ಟಗಿರಬೇಕು. ಅಳುವುದು, ಗೊಣಗುವುದು ಏನಿದ್ದರೂ ಈ ನೋಟುಬುಕ್ಕಿನಲ್ಲಿ.

ಮಾರ್ಚ್ 7, ಗುರುವಾರ

ನಮ್ಮಲ್ಲೇ ನಡೆಯುತ್ತಿರುವ ಒಂದು ಅಧ್ಯಯನಕ್ಕೆ ಭಾವನನ್ನು ಸೇರಿಸಿಕೊಂಡಿದ್ದಾರೆ. ಗಂಟನ್ನು ಸುಡುವ ಔಷಧವಲ್ಲ, ಮೈಯೊಳಗಿನ ಕಾವಲು ಕೋಶಗಳನ್ನು ಎಬ್ಬಿಸುವ ಔಷಧ. ಮೊನ್ನೆ ಸೂಜಿ ಹಾಕಿ ಗಂಟಿನಿಂದ ಚೂರು ತೆಗೆದರು. ತೆಗೆದ ಡಾಕ್ಟರು ಹೊರಗೆ ಬಂದು, "ಮೂರು ತುಂಡಾಗಿ ಬಂತು, ಒಂದು ಸ್ವಲ್ಪ ಬಾಗಿದೆ, ಪರವಾಗಿಲ್ಲ" ಅಂದಿದ್ದರು.

ಊಟದ ಹೊತ್ತಿಗೆ ಅಕ್ಕ ಕೇಳಿದಳು, "ಕಾವಲು ಕೋಶ ಇದ್ರೆ ಇಷ್ಟು ದಿನ ಏನು ಮಾಡ್ತಿದ್ವು?"

ನನಗೆ ಬಂದಷ್ಟು ಹೇಳಿದೆ. ಟಿ-ಸೆಲ್ ಅಂತ ಇರುತ್ತವೆ, ಕೆಟ್ಟ ಕೋಶ ಕಂಡರೆ ಕೊಲ್ಲುವಂಥವು. ಅವು ಮೈಮರೆತು ನಮ್ಮನ್ನೇ ಕೊಲ್ಲದಿರಲಿ ಎಂದು ಅವಕ್ಕೊಂದು ತಡೆ ಇರುತ್ತದೆ. ಕ್ಯಾನ್ಸರು ಆ ತಡೆಯನ್ನು ಒತ್ತಿ ಹಿಡಿಯುತ್ತದೆ. ಲಿವರ್ ಮೊದಲೇ ಸಾಧು ಸ್ವಭಾವದ ಅಂಗ. ಹೊಟ್ಟೆಯಿಂದ ಬರುವ ನೂರೆಂಟು ಹೊಸ ವಸ್ತುಗಳಿಗೆಲ್ಲ ಜಗಳ ತೆಗೆಯಬಾರದು ಎಂದು ಅಭ್ಯಾಸ ಮಾಡಿಕೊಂಡಿರುತ್ತದೆ. ಅದಕ್ಕೇ ಅಲ್ಲಿ ಕ್ಯಾನ್ಸರಿಗೆ ಇನ್ನೂ ಸಲೀಸು.

ಭಾವ ಚಮಚ ಕೆಳಗಿಟ್ಟರು. "ಅಂದ್ರೆ ನಮ್ಮ ಕಲಿಕೆ ಕಾರಿನ ಥರ. ಹುಡುಗ ಆಕ್ಸಲರೇಟರ್ ತುಳೀತಾನೇ ಇದಾನೆ, ಪಕ್ಕದ ಸೀಟಲ್ಲಿರೋನು ತನ್ನ ಬ್ರೇಕ್ ಮೇಲೆ ಕಾಲಿಟ್ಟು ಆರಾಮಾಗಿ ಕೂತಿದಾನೆ."

"ಹಾಗೇ. ಔಷಧ ಹೋಗಿ ಆ ಕಾಲನ್ನ ಎತ್ತುತ್ತೆ."

"ಮೂವತ್ತು ವರ್ಷ ನಾನೂ ಅದನ್ನೇ ಮಾಡಿದೀನಿ. ನಿನಗೆ ಕಲಿಸೋವಾಗ ಒಂದು ಸಲಾನೂ ಕಾಲು ಎತ್ತಿಲ್ಲ" ಎಂದು ನಕ್ಕರು. ಅಕ್ಕನೂ ನಕ್ಕಳು. ನನಗೆ ಲೈಸೆನ್ಸು ಸಿಗದೇ ಹೋದದ್ದು ಈ ಮನೆಯಲ್ಲಿ ಎಂದೂ ಹಳತಾಗದ ತಮಾಷೆ.

ಮಾರ್ಚ್ 12, ಮಂಗಳವಾರ

ಅಧ್ಯಯನದ ಸ್ಲೈಡುಗಳು ಬಣ್ಣ ಹಾಕಿ ಮುಗಿದು ಎಣಿಕೆಗೆ ಬಂದವು. ಇಪ್ಪತ್ನಾಲ್ಕು ರೋಗಿಗಳು. ಹೆಸರಿಲ್ಲ, ಗಂಡೋ ಹೆಣ್ಣೋ ತಿಳಿಯದು, ಬರೀ ನಂಬರು. ಒಂದೊಂದು ಸ್ಲೈಡಿನಲ್ಲಿ ಹತ್ತು ಜಾಗ ಆರಿಸಿ, ಕಂದು ಬಣ್ಣ ಹಿಡಿದ ಟಿ-ಸೆಲ್‌ಗಳನ್ನು ಎಣಿಸಬೇಕು. ನಾನೊಮ್ಮೆ, ಮೌನಿಯೊಮ್ಮೆ, ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ಲೆಕ್ಕ ತೀರಾ ಬೇರೆ ಬಂದರೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಮೂರನೆಯವರಾಗಿ ಕೂರುತ್ತಾರೆ. ಗುರುತಿನವರ ಸ್ಲೈಡು ಎಂದು ಅನುಮಾನ ಬಂದರೂ ಹೇಳಿ ಎದ್ದುಬಿಡಬೇಕು, ಅದು ನಿಯಮ. (ಮೌನಿ ನನ್ನ ಪಕ್ಕದ ಕುರ್ಚಿಯವನು. ಹನ್ನೆರಡು ವರ್ಷದಲ್ಲಿ ಅವನು ಆಡಿದ ಮಾತುಗಳು ಒಂದು ಹಾಳೆಯಲ್ಲಿ ಹಿಡಿಸುತ್ತವೆ.)

ನನ್ನ ನಿಯಮ ಇನ್ನೂ ಬಿಗಿ. ಬಣ್ಣ ತೆಳುವಾಗಿದ್ದರೆ ಲೆಕ್ಕಕ್ಕಿಲ್ಲ. ಅಂಚಿನಲ್ಲಿ ಅರ್ಧ ಕಂಡರೆ ಲೆಕ್ಕಕ್ಕಿಲ್ಲ. ದಯೆ ದಾಕ್ಷಿಣ್ಯ ಮನೆಯಲ್ಲಿ. ಇವತ್ತು ಒಂಬತ್ತು ಸ್ಲೈಡು ಮುಗಿಸಿದೆ. ಡಿಪಾರ್ಟ್‌ಮೆಂಟಿನಲ್ಲಿ ಒಂದು ದಿನಕ್ಕೆ ಒಂಬತ್ತು ಮುಗಿಸುವವರು ಬೇರೆ ಯಾರೂ ಇಲ್ಲ.

ಟ್ರೇ ಜೋಡಿಸಿಡುವಾಗ ಹದಿನೇಳನೆಯದು ಕಣ್ಣಿಗೆ ಬಿತ್ತು. ಮೂರು ತುಂಡು. ಒಂದು ಬಾಗಿದೆ.

ಮೂರು ತುಂಡಾಗಿ ಬರುವುದು ಅಪರೂಪವೇನಲ್ಲ.

ಮಾರ್ಚ್ 15, ಶುಕ್ರವಾರ

ಭಾವನಿಗೆ ಊಟ ಸೇರುತ್ತಿಲ್ಲ. ಪ್ಯಾಂಟಿನ ಸೊಂಟವನ್ನು ಅಕ್ಕ ಎರಡು ಬೆರಳು ಒಳಗೆ ಹಿಡಿದಳು. ಹೊಲಿಯುವಾಗ ಇಂಚು ಟೇಪನ್ನು ಕುತ್ತಿಗೆಗೆ ಹಾಕಿಕೊಂಡಿದ್ದಳು, ಅಳತೆ ಮಾತ್ರ ಜೋರಾಗಿ ಓದಲಿಲ್ಲ.

ಅಪ್ಪ ಅಮ್ಮ ಹೋದಾಗ ನನಗೆ ಹತ್ತೊಂಬತ್ತು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಭಾವ ನನ್ನ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು, ಇದ್ದ ಎರಡು ಕೋಣೆಯಲ್ಲಿ ಗಾಳಿ ಬರುವುದನ್ನು ನನಗೆ ಬಿಟ್ಟುಕೊಟ್ಟರು. ಇವತ್ತಿನವರೆಗೂ ಆ ಕೋಣೆ ನನ್ನದೇ. ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನಾನೂ ಎಂದೋ ಒಂದು ದಿನ ಥ್ಯಾಂಕ್ಸ್ ಹೇಳಿ ಹಗುರಾಗುತ್ತಿದ್ದೆ.

ಮಾರ್ಚ್ 20, ಬುಧವಾರ

ಹದಿನೇಳನ್ನು ಎಣಿಸಿದೆ.

ಅದು ಭಾವನದ್ದು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಎದ್ದುಬಿಡಬೇಕು, ಗೊತ್ತಿಲ್ಲವಲ್ಲ. ಊಹೆಗೆಲ್ಲ ಎದ್ದು ನಿಂತರೆ ಲ್ಯಾಬಿನಲ್ಲಿ ಕೂರುವವರು ಯಾರು.

ಎಷ್ಟು ಚೆಂದದ ಸ್ಲೈಡು. ಉಳಿದವುಗಳಲ್ಲಿ ಟಿ-ಸೆಲ್‌ಗಳು ಗಂಟಿನ ಸುತ್ತ ಗುಂಪುಗಟ್ಟಿ, ಬಾಗಿಲಲ್ಲೇ ನಿಂತುಬಿಟ್ಟಿರುತ್ತವೆ, ಒಳಗೆ ಕಾಲಿಡುವುದಿಲ್ಲ. ಇದರಲ್ಲಿ ಕೆಲವು ನಿಜಕ್ಕೂ ಒಳಗೆ ನುಗ್ಗಿವೆ. ಒಂದಂತೂ ಕ್ಯಾನ್ಸರು ಕೋಶಕ್ಕೆ ಒತ್ತಿಕೊಂಡೇ ಕೂತಿತ್ತು, ಬಿಟ್ಟೂಬಿಡದೆ. ಅದನ್ನೇ ಐದು ನಿಮಿಷ ನೋಡಿದೆ. ತೆಳುಬಣ್ಣದವೂ ತುಂಬ ಇದ್ದವು. ಬಣ್ಣ ಹಾಕಿದವಳು ನಾನೇ, ಆ ದಿನ ಗಡಿಬಿಡಿಯಲ್ಲಿದ್ದೆ. ತಪ್ಪು ನನ್ನದಾಗಿದ್ದರೆ ಅವಕ್ಕೇಕೆ ಶಿಕ್ಷೆ. ಎಣಿಸಿದೆ. ಕೈಯಲ್ಲಿರುವ ಎಣಿಕೆಯ ಕ್ಲಿಕ್ಕರು ಇಷ್ಟು ಖುಷಿಯಾಗಿ ಸದ್ದು ಮಾಡಿದ್ದು ನೆನಪಿಲ್ಲ. ಇನ್ನೂರ ಹದಿನಾಲ್ಕು.

ಮಧ್ಯಾಹ್ನ ಊಟ ಸೇರಿತು.

ಮಾರ್ಚ್ 22, ಶುಕ್ರವಾರ

ಇವತ್ತು ಕಸ ನುಂಗುವ ಕೋಶಗಳ ಸರದಿ. ಇವು ಲಿವರಿನಲ್ಲಿ ಹುಟ್ಟಾ ಮನೆಗೆಲಸದವು, ಬಂದ ಕೊಳೆಯನ್ನೆಲ್ಲ ನುಂಗಿ ಸ್ವಚ್ಛ ಮಾಡುವಂಥವು. ಆದರೆ ಗಂಟಿನ ಸಹವಾಸಕ್ಕೆ ಬಿದ್ದರೆ ಕೆಲವು ಪಕ್ಷ ಬದಲಿಸುತ್ತವೆ. ಆ ಗಂಟಿಗೇ ರಕ್ತನಾಳ ಕಟ್ಟಿಕೊಡುತ್ತವೆ, ಟಿ-ಸೆಲ್‌ಗಳನ್ನು ಸುಮ್ಮನಿರಿಸುತ್ತವೆ. ಮನೆಯ ಉಪ್ಪು ತಿಂದು ಎರಡು ಬಗೆಯುವ ಜಾತಿ. ಹದಿನೇಳರಲ್ಲಿ ಅಂಥವು ಕಂಡವು, ಆದರೆ ಬಣ್ಣ ಸರಿಯಾಗಿ ಹಿಡಿದಿರಲಿಲ್ಲ. ಬಿಟ್ಟೆ. ನಿಯಮವೆಂದರೆ ನಿಯಮ.

ಸಂಜೆ ಅಕ್ಕ ಪರದೆಗೆ ಕೊಂಡಿ ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಅಲ್ಲಿ ಏನಾದ್ರೂ ಕಂಡ್ಯಾ?"

"ಎಲ್ಲ ನಂಬರು ಅಕ್ಕ. ಯಾರದು ಯಾವುದು ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತ ಗೊತ್ತು. ಏನಾದ್ರೂ ಕಂಡ್ಯಾ ಅಂದೆ."

"ಕಾವಲು ಚೆನ್ನಾಗಿದೆ ಅನ್ಸುತ್ತೆ" ಅಂದುಬಿಟ್ಟೆ.

ಹದಿನೈದು ದಿನಗಳ ಮೇಲೆ ಅಕ್ಕ ಇವತ್ತು ಊಟ ಮಾಡಿ ಕೂತಲ್ಲೇ ನಿದ್ದೆ ಹೋದಳು. ನಾನೇ ಹೊದಿಸಿದೆ.

ಮಾರ್ಚ್ 28, ಗುರುವಾರ

ಅಧ್ಯಯನದ ಸಭೆ. ಡಾಕ್ಟರಮ್ಮ ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು. ನಮ್ಮ ಲೆಕ್ಕ ಬರೀ ಪುಸ್ತಕಕ್ಕೆ ಹೋಗುವುದು ಎಂದುಕೊಂಡಿದ್ದೆ. ಅಲ್ಲ. ನೂರೈವತ್ತಕ್ಕಿಂತ ಹೆಚ್ಚು ಟಿ-ಸೆಲ್ ಒಳಗೆ ಹೊಕ್ಕಿರುವವರಿಗೆ ಒಂದೇ ಔಷಧ. ಅವರ ಕಾವಲು ಅರ್ಧ ಎದ್ದಿದೆ, ಅಷ್ಟು ಸಾಕು ಎಂಬ ಲೆಕ್ಕಾಚಾರ. ಕಡಿಮೆ ಇರುವವರಿಗೆ ಎರಡು ಔಷಧ ಒಟ್ಟಿಗೆ. ಅದು ಕಷ್ಟದ್ದು, ಆದರೆ ಅವರಿಗೆ ಬೇಕಾದದ್ದು ಅದೇ. ಇದೆಲ್ಲ ನನ್ನ ಮೇಜಿನ ಮೇಲಿನ ಫೈಲಿನಲ್ಲೇ ಇತ್ತಂತೆ. ಇಪ್ಪತ್ತೆರಡು ವರ್ಷದ ಅನುಭವಸ್ಥೆ, ಫೈಲು ಓದಿರಲಿಲ್ಲ.

ಆಮೇಲೆ ಹೊಂದದ ಲೆಕ್ಕಗಳ ಪಟ್ಟಿ ಓದಿದರು. ಒಂದೇ ಒಂದು. ಹದಿನೇಳು. ನನ್ನದು ಇನ್ನೂರ ಹದಿನಾಲ್ಕು, ಮೌನಿಯದು ನೂರ ಹದಿನೆಂಟು.

"ಮಂಗಳವಾರ ನಾನೂ ನೀವೂ ಒಟ್ಟಿಗೆ ಕೂತು ನೋಡೋಣ" ಎಂದು ನನಗೆ ಹೇಳಿದರು. ಮೌನಿಗೆ, "ಕಣ್ಣು ತೋರಿಸ್ಕೊಳ್ಳಪ್ಪ" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಇಷ್ಟು ವರ್ಷ ಲೆಕ್ಕ ಬೇರೆಯಾದಾಗಲೆಲ್ಲ ನನ್ನದೇ ಸರಿ ಎಂದು ಬಂದಿದೆ. ಮೌನಿ ನಗಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

ಏಪ್ರಿಲ್ 1, ಸೋಮವಾರ

ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಮತ್ತೆ ಎಣಿಸಿದೆ. ನೂರ ಇಪ್ಪತ್ತೊಂದು.

ಮತ್ತೆ ಎಣಿಸಿದೆ. ನೂರ ಹತ್ತೊಂಬತ್ತು.

ಏಪ್ರಿಲ್ 2, ಮಂಗಳವಾರ

ಎರಡು ಜೋಡಿ ಕಣ್ಣಿನ ಸೂಕ್ಷ್ಮದರ್ಶಕಕ್ಕೆ ಡಾಕ್ಟರಮ್ಮ ಆ ಕಡೆ, ನಾನು ಈ ಕಡೆ. ಬೆಳಕಿನ ಬಾಣವನ್ನು ಅವರು ಒಂದು ತೆಳುಬಣ್ಣದ ಕೋಶದ ಮೇಲೆ ಇಟ್ಟರು.

"ಇದನ್ನ ಎಣಿಸಿದೀರಾ?"

"ಎಣಿಸಿದೀನಿ ಮೇಡಂ."

"ನನಗೇನೋ ಇದು ಅನುಮಾನ. ಆದ್ರೆ ನೀವು ಹೌದು ಅಂದ್ರೆ ಇನ್ನೂರ ಹದಿನಾಲ್ಕೇ ಬರ್ಕೊಂಡು ಬಿಡ್ತೀನಿ. ನಿಮ್ಮ ಕಣ್ಣಿನ ಮೇಲೆ ನನಗೆ ಅನುಮಾನ ಇಲ್ಲ."

ಪೆನ್ನಿನ ಮುಚ್ಚಳ ತೆಗೆದರು. ಹೌದು ಅಂದರೆ ಭಾವನಿಗೆ ಅರ್ಧ ಔಷಧ. ಅಲ್ಲ ಅಂದರೆ ಯಾಕೆ ಹಾಗೆ ಎಣಿಸಿದಿರಿ ಎಂದು ಕೇಳುತ್ತಾರೆ. ಮರೆತೆ, ಕಣ್ಣು ದಣಿದಿತ್ತು ಎಂದು ಏನಾದರೂ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಮೌನಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತನ್ನ ಸ್ಲೈಡು ನೋಡುತ್ತಿದ್ದ. ಸರಿಯಾಗಿ ಎಣಿಸಿ, ಎಲ್ಲರೆದುರು ನಗೆಪಾಟಲಾಗಿ, ಸುಮ್ಮನೆ ಕೂತಿದ್ದ.

"ಬರೀಬೇಡಿ ಮೇಡಂ. ಅದು ನಮ್ಮ ಭಾವನದ್ದು ಅಂತ ನನಗೆ ಅನುಮಾನ ಇತ್ತು. ಹೇಳದೆ ಎಣಿಸ್ದೆ. ಇರಬೇಕು ಅಂತ ಆಸೆಪಟ್ಟಿದ್ದನ್ನೆಲ್ಲ ಎಣಿಸಿಬಿಟ್ಟಿದೀನಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ, ನಂಬರು ಮತ್ತು ಹೆಸರಿನ ಪಟ್ಟಿ ಇಟ್ಟುಕೊಂಡಿರುವ ಕಚೇರಿಗೆ ಫೋನು ಮಾಡಿ ಹತ್ತು ನಿಮಿಷಕ್ಕೆ ಬಂದರು.

"ನೀವು ಈ ಕೆಲಸದಿಂದ ಇವತ್ತೇ ಹೊರಗೆ. ನೀವು ಎಣಿಸಿದ ಇಪ್ಪತ್ನಾಲ್ಕನ್ನೂ ಹೊರಗಿನೋರು ಮತ್ತೆ ಎಣಿಸ್ತಾರೆ. ಎಲ್ಲರ ಚಿಕಿತ್ಸೆನೂ ಹತ್ತು ದಿನ ಮುಂದಕ್ಕೆ ಹೋಗುತ್ತೆ. ನಿಮ್ಮ ಭಾವಂದೂ." ಆಮೇಲೆ ದನಿ ತಗ್ಗಿಸಿ, "ಇದನ್ನ ನಾನು ಹೇಳಬಾರದು. ಹದಿನೇಳು ನಿಮ್ಮ ಭಾವಂದಲ್ಲ. ಯಾರೋ ಒಬ್ಬ ಹೆಂಗಸು" ಅಂದರು.

ಯಾರೋ ಒಬ್ಬ ಹೆಂಗಸು.

ಏಪ್ರಿಲ್ 3, ಬುಧವಾರ

ಮನೆಯಲ್ಲಿ ಹೇಳಿದೆ. ಹೇಳದೆ ಇರಲಾಗುತ್ತಿರಲಿಲ್ಲ, ಹತ್ತು ದಿನ ತಡ ಯಾಕೆ ಎಂದು ಅಕ್ಕ ಕೇಳೇ ಕೇಳುತ್ತಾಳೆ. ಪೂರ್ತಿ ಹೇಳಿದೆ. 'ಕಾವಲು ಚೆನ್ನಾಗಿದೆ' ಎಂದು ನಾನು ಹೇಳಿದ್ದಕ್ಕೆ ಬುಡವೇ ಇರಲಿಲ್ಲ ಎಂಬುದನ್ನೂ ಸೇರಿಸಿ.

ಅಕ್ಕ ಕತ್ತರಿ ಕೆಳಗಿಟ್ಟಳು. "ಹತ್ತು ದಿನ" ಅಂದಳು. ಆಮೇಲೆ, "ಅವಳಿಗೂ ಮನೇಲಿ ಯಾರಾದ್ರೂ ಇರ್ತಾರಲ್ವಾ" ಅಂದಳು. ನನ್ನನ್ನು ಬೈದದ್ದು ಅಷ್ಟೇ. ಬೇರೆ ಮಾತು ಬೇಕಿರಲಿಲ್ಲ.

ಭಾವ ಗಂಭೀರವಾಗಿ ಕೇಳಿಸಿಕೊಂಡರು. "ಎಷ್ಟು ಎಣಿಸಿದ್ದೆ?"

"ಇನ್ನೂರ ಹದಿನಾಲ್ಕು."

"ಇದ್ದಿದ್ದು?"

"ನೂರ ಹದಿನೆಂಟು."

"ಈ ಜನ್ಮದಲ್ಲಿ ಒಂದೇ ಸಲ ನನಗೆ ಕೈ ತುಂಬ ಮಾರ್ಕು ಕೊಟ್ಟಿದ್ದೆ, ಅದೂ ಯಾರಿಗೋ ಹೋಯ್ತು ನೋಡು" ಅಂದರು. ನಾನು ಅಳುತ್ತಾ ನಕ್ಕೆ, ಮೂಗು ಸೋರಿ ಅಸಹ್ಯವಾಯಿತು. ಭಾವ ಅಕ್ಕನ ಬಟ್ಟೆಚೂರುಗಳ ಬುಟ್ಟಿಯಿಂದ ಒಂದು ಚೂರು ಎತ್ತಿ ಕೊಟ್ಟರು. ಅದು ಆರ್ಡರಿನ ಬಟ್ಟೆ ಎಂದು ಅಕ್ಕ ಇಬ್ಬರಿಗೂ ಸೇರಿಸಿ ಬೈದಳು.

ಏಪ್ರಿಲ್ 11, ಗುರುವಾರ

ಈಗ ನನ್ನ ಕೆಲಸ ರೋಗಿಗಳ ಚೂರು ಹುದುಗಿಸಿಟ್ಟ ಮೇಣದ ಅಚ್ಚಿನಿಂದ ಸ್ಲೈಡಿಗೆ ತೆಳು ಪದರ ಕತ್ತರಿಸುವುದು ಮಾತ್ರ. ಎಣಿಕೆ ಇಲ್ಲ. ಮೌನಿಗೆ ಕ್ಷಮೆ ಕೇಳಿದೆ. "ಹೂಂ" ಅಂದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು, "ನಾನೂ ನಮ್ಮಮ್ಮನ ಸ್ಲೈಡು ಒಂದ್ಸಲ ಎಣಿಸಿದ್ದೆ" ಅಂದ. ಎಷ್ಟು ಬಂತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಭಾವನ ಕಣ್ಣಿನ ಬಿಳಿ ಹಳದಿಗೆ ತಿರುಗಿದೆಯೇ ಎಂದು ದಿನವೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. "ಮುಖದ ಮೇಲೇನಾದ್ರೂ ಬರೆದಿದೆಯಾ" ಎಂದು ರೇಗುತ್ತಾರೆ. ಹತ್ತು ದಿನದ ಒಂದೊಂದು ದಿನವೂ ನನ್ನಿಂದ ಹೋದದ್ದು. ಆ ಹೆಂಗಸಿನ ಮನೆಯಲ್ಲೂ ಯಾರಾದರೂ ಹೀಗೆ ಹಿಡಿದು ನೋಡುತ್ತಿರಬಹುದು.

ಏಪ್ರಿಲ್ 22, ಸೋಮವಾರ

ಭಾವನಿಗೆ ಮೊದಲನೆಯ ಡ್ರಿಪ್. ಅವರದು ಕಡಿಮೆ ಲೆಕ್ಕದ ಗುಂಪಂತೆ, ಎರಡೂ ಔಷಧ. ಅವರ ನಂಬರು ಯಾವುದಾಗಿತ್ತೋ, ಇನ್ನು ಎಂದೂ ತಿಳಿಯುವುದಿಲ್ಲ. ಯಾವುದೋ ದಿನ ಒಂಬತ್ತರಲ್ಲಿ ಒಂದಾಗಿ ಸರಸರ ಮುಗಿಸಿ ಪಕ್ಕಕ್ಕಿಟ್ಟಿದ್ದೇನೆ, ಅಷ್ಟೇ ಗೊತ್ತು.

ಉದ್ದನೆಯ ಕೋಣೆ, ಎರಡು ಸಾಲು ಒರಗು ಕುರ್ಚಿ. ಭಾವ ಕೂತ ಕೂಡಲೇ ಪಕ್ಕದವರನ್ನು ಮಾತಿಗೆಳೆದು, ಎದುರಿನ ರಸ್ತೆಯಲ್ಲಿ ಕಾರು ನಿಲ್ಲಿಸಿದವರ ತಪ್ಪುಗಳನ್ನು ತೋರಿಸತೊಡಗಿದರು. ನಾನು ಆ ಸಾಲಿನಲ್ಲಿ ಹೆಂಗಸರು ಎಷ್ಟು ಜನ ಎಂದು ನೋಡಿದೆ. ಏಳು ಜನ. ಹದಿನೇಳು ಇವರಲ್ಲಿ ಇರಲೂಬಹುದು, ಇಲ್ಲದೆಯೂ ಇರಬಹುದು.

ಮೇ 14, ಮಂಗಳವಾರ

ನಿನ್ನೆ ಎರಡನೆಯ ಡ್ರಿಪ್. ಮೈಯೆಲ್ಲ ತುರಿಕೆ. ತಡೆ ತೆಗೆದ ಮೇಲೆ ಟಿ-ಸೆಲ್‌ಗಳಿಗೆ ಎದುರಿಗೆ ಸಿಕ್ಕವರೆಲ್ಲ ಕಳ್ಳರಂತೆ ಕಾಣುತ್ತಾರೆ. ಪಾಪದ ಚರ್ಮವನ್ನೂ ಹಿಡಿದು ಝಾಡಿಸುತ್ತಿವೆ. ಡಾಕ್ಟರು ಮುಲಾಮು ಕೊಟ್ಟು, ಜಾಸ್ತಿಯಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಅಕ್ಕ ಅವರ ಅಂಗಿಗಳ ಕಾಲರು ಬಿಚ್ಚಿ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿಯುತ್ತಿದ್ದಾಳೆ. ಡ್ರಿಪ್ ಕೋಣೆಯಲ್ಲಿ ತುರಿಸಿಕೊಳ್ಳುವ ಹೆಂಗಸು ಇನ್ನೊಬ್ಬರಿದ್ದರು, ಅವರಿಗೂ ಅದೇ ಮೆತ್ತನೆಯ ಬಟ್ಟೆಯ ಕುತ್ತಿಗೆಪಟ್ಟಿ ಎರಡು ಕೊಟ್ಟು ಬಂದೆ. ಅಕ್ಕ ಯಾಕೆಂದು ಕೇಳಲಿಲ್ಲ, ಇನ್ನೆರಡು ಹೊಲಿದಳು.

ಜೂನ್ 24, ಸೋಮವಾರ

ಸ್ಕ್ಯಾನ್ ಬಂತು. ದೊಡ್ಡ ಗಂಟು ಮೂರರಲ್ಲೊಂದು ಪಾಲು ಇಳಿದಿದೆ. ಸಣ್ಣವುಗಳಲ್ಲಿ ಒಂದು ಕಾಣುತ್ತಿಲ್ಲ, ಇನ್ನೊಂದು ಇದ್ದಂತೆಯೇ ಇದೆ. ಹೊಸದೇನೂ ಇಲ್ಲ. "ವಾಸಿಯಾಯ್ತು ಅಂತಲ್ಲ. ಆದ್ರೆ ಔಷಧ ಕೆಲಸ ಮಾಡ್ತಿದೆ, ಮುಂದುವರಿಸೋಣ" ಅಂದರು ಡಾಕ್ಟರು.

ಅಕ್ಕ ಆ ಕೋಣೆಯಲ್ಲಿ ಮೊದಲ ಸಲ ಬಾಯಿಬಿಟ್ಟಳು. "ಮುಂದುವರಿಸಿ" ಅಂದಳು, ಅಪ್ಪಣೆ ಕೊಡುವವಳ ಹಾಗೆ. ಹೊರಗೆ ಬಂದು ಮೂವರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಭಾವ ಎರಡು ಲೋಟ ಕುಡಿದರು. ನನಗೆ ಇವರಿಬ್ಬರ ಮೇಲೆ ಎಷ್ಟು ಪ್ರೀತಿಯಿದೆ ಎಂದರೆ, ಬರೆಯಲು ಕೂತರೆ ಕೈ ಓಡುವುದಿಲ್ಲ.

ಜುಲೈ 1, ಸೋಮವಾರ

ಡಾಕ್ಟರಮ್ಮ ಕರೆದರು. ಅಧ್ಯಯನದ ಎರಡನೆಯ ತಂಡದ ಸ್ಲೈಡು ಬಂದಿದೆ, ಎಣಿಸುವವರು ಸಾಲದು. "ಮತ್ತೆ ಕೂರ್ತೀರಾ?" ಅಂದರು. ಮೌನಿ ನನ್ನ ಹೆಸರು ಹೇಳಿದನಂತೆ. ಹೇಳಿದ್ದು ಹೆಸರೊಂದೇ ಇರಬೇಕು.

ಈಗ ಹೊಸ ಫಾರಂ ಒಂದಿದೆ, ಎಣಿಸುವ ಮೊದಲು ತುಂಬಬೇಕು. ನನ್ನ ಕೃಪೆಯಿಂದ ಹುಟ್ಟಿದ್ದು. 'ಈ ತಂಡದ ರೋಗಿಗಳಲ್ಲಿ ನನ್ನ ಬಂಧುಗಳಾಗಲಿ ನನಗೆ ಬೇಕಾದವರಾಗಲಿ ಯಾರೂ ಇಲ್ಲ' ಎಂದು ಅಚ್ಚಾಗಿದೆ, ಕೆಳಗೆ ಸಹಿ. ಪೆನ್ನು ಹಿಡಿದೆ. ನಾಲ್ಕು ತಿಂಗಳ ಹಿಂದಾಗಿದ್ದರೆ ಓದದೆಯೇ ಸಹಿ ಹಾಕುತ್ತಿದ್ದೆ.

"ಯಾಕೆ, ಗೊತ್ತಿರೋರು ಯಾರಾದ್ರೂ ಇದಾರಾ?" ಅಂದರು ಡಾಕ್ಟರಮ್ಮ.

"ಬಂಧುಗಳಿಲ್ಲ ಮೇಡಂ. ಬೇಕಾದೋರು ಇದಾರೆ."

"ಯಾರು?"

"ಅದು ಗೊತ್ತಿಲ್ಲ."

"ಮತ್ತೆ ಹೇಗೆ ಕೂರ್ತೀರಿ?"

"ಸರಿಯಾಗಿ ಎಣಿಸ್ತೀನಿ ಮೇಡಂ. ಅಷ್ಟು ಬಿಟ್ಟು ಅವರಿಗೆ ನಾನು ಮಾಡೋದು ಬೇರೇನೂ ಇಲ್ಲ."

ಅವರು ಫಾರಂ ತಮ್ಮ ಕಡೆಗೆ ಎಳೆದುಕೊಂಡರು. 'ನನಗೆ ಬೇಕಾದವರಾಗಲಿ' ಎಂಬ ಮಾತನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಮಾಡಿ ಫಾರಂ ನನ್ನ ಕಡೆ ತಳ್ಳಿದರು. ಸಹಿ ಹಾಕಿದೆ. ಮೌನಿ ಟ್ರೇ ತಂದು ನನ್ನ ಮೇಜಿನ ಮೇಲಿಟ್ಟ.

ಸಂಜೆಯೊಳಗೆ ನಾಲ್ಕೇ ಸ್ಲೈಡು ಆಯಿತು. ತೆಳುಬಣ್ಣದವು ಸಿಕ್ಕಾಗಲೆಲ್ಲ ನಿಂತು, ಮತ್ತೆ ಮತ್ತೆ ನೋಡಿ, ಆಮೇಲೆ ಬಿಟ್ಟೆ. ಮೊದಲಿನ ವೇಗ ಇಲ್ಲ. ಮೂರು ತಿಂಗಳು ಅಭ್ಯಾಸ ತಪ್ಪಿದ್ದಕ್ಕಿರಬೇಕು.